ಗೋಸ್ತನಿ ಏರ್ಸ್‌ನ ಪ್ರೊಪೆಲ್ಲರ್

ಬಾಗಿಲಲ್ಲಿ ನಿಂತ ಹೆಂಗಸು ನಮಸ್ಕಾರವನ್ನೂ ಹೇಳಲಿಲ್ಲ. "ನಾನು ಕದ್ದಿಲ್ಲ ಅಂಡಿ," ಎಂದಳು, ತೆಲುಗು ಬೆರೆತ ಕನ್ನಡದಲ್ಲಿ.

ಶಿವಲಿಂಗಪ್ಪ ಹೆಂಚಿನ ಮೇಲಿದ್ದ ಜೋಳದ ರೊಟ್ಟಿಯನ್ನು ತಿರುವಿಹಾಕಿದ. "ಒಳಗ ಬಾರವಾ. ಏನ್ ಕದ್ದಿಲ್ಲ ಅನ್ನೋದನ್ನ ಕುಂತು ಹೇಳು."

ಮಹಡಿಯಿಂದ ತಿಂಡಿಗೆಂದು ಇಳಿದು ಬಂದಿದ್ದ ನಿಶ್ಚಿತಾ ಕುರ್ಚಿ ಎಳೆದು ಕೊಟ್ಟಳು. ಮೈಸೂರಿನ ಈ ಹುಡುಗಿ ಋಷಿಕೊಂಡದ ಗುಡ್ಡದ ಮೇಲಿನ ಐಟಿ ಕಂಪನಿಯೊಂದರಲ್ಲಿ ಡಿಸೈನ್ ಕೆಲಸಕ್ಕಿದ್ದಳು. ಮನೆಯ ಮಾಲೀಕ ಶಿವಲಿಂಗಪ್ಪ ನೌಕಾಪಡೆಯ ಪೊಲೀಸ್ ವಿಭಾಗದಲ್ಲಿ ಸರ್ವಿಸ್ ಮುಗಿಸಿ, ಗದಗಿಗೆ ಹಿಂತಿರುಗದೆ ವಿಶಾಖಪಟ್ಟಣದಲ್ಲೇ ಉಳಿದವನು. ಊರಿನ ಕನ್ನಡದವರು ಠಾಣೆಯ ಮೆಟ್ಟಿಲು ಹತ್ತುವ ಮೊದಲು ಅವನ ಮೆಟ್ಟಿಲು ಹತ್ತುವುದನ್ನು ನಿಶ್ಚಿತಾ ಕಂಡಿದ್ದಳು. ಅಂಥ ಬೆಳಿಗ್ಗೆಗಳಲ್ಲಿ ಅವಳು ಆಫೀಸಿಗೆ ರಜೆ ಹಾಕುತ್ತಿದ್ದಳು.

ಬಂದವಳು ಅನಸೂಯಾ. ಅಪ್ಪ ನೌಕಾಪಡೆಯಲ್ಲಿದ್ದ ಮಂಡ್ಯದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಒಂದು ಕಾಲಕ್ಕೆ ಗೋಸ್ತನಿ ಏರ್ಸ್‌ನ ಪೈಲಟ್.

ಗೋಸ್ತನಿ ಏರ್ಸ್ ಗೊತ್ತಿಲ್ಲದವರು ಆ ಊರಿನಲ್ಲಿ ಕಡಿಮೆ. ನೌಕಾಪಡೆಯಿಂದ ಹೊರಬಂದ ಕ್ಯಾಪ್ಟನ್ ರಘುನಂದನ ಮತ್ತು ವಿಜಯವಾಡದ ವ್ಯಾಪಾರಿ ದುರ್ಗಾಪ್ರಸಾದ್ ಸೇರಿ, ಯಾರೋ ಬಳಸಿ ಬಿಟ್ಟ ಒಂದೇ ಇಂಜಿನ್ನಿನ ಪುಟ್ಟ ವಿಮಾನ ತಂದು ಶುರು ಮಾಡಿದ ಕಂಪನಿ ಅದು. ಸಿಗಡಿ ವ್ಯಾಪಾರಿಗಳನ್ನು, ಆಪರೇಷನ್ನಿಗೆ ಓಡುವ ಡಾಕ್ಟರುಗಳನ್ನು, ಒಮ್ಮೆ ಮುಹೂರ್ತ ಮೀರುತ್ತಿದ್ದ ಮದುಮಗನನ್ನೂ ವಿಜಯವಾಡಕ್ಕೆ ಮುಟ್ಟಿಸಿತ್ತು. ಚಂಡಮಾರುತ ಬಂದಾಗ ಶ್ರೀಕಾಕುಳದ ಹಳ್ಳಿಗಳಿಗೆ ಔಷಧಿ ಹೊತ್ತಿತ್ತು. ಈಗ ಅದಕ್ಕೆ ಬೆಳ್ಳಿಹಬ್ಬ.

ವಿಜಯವಾಡದಿಂದ ಮರಳುತ್ತಿದ್ದ ಆ ಮೊದಲ ವಿಮಾನವನ್ನು ಪೂಡಿಮಡಕದ ಕಡಲತೀರದ ಮರಳಿನ ಮೇಲೆ ಕೆಡವಿದವಳು ಅನಸೂಯಾ ಎಂದು ಊರು ನಂಬಿತ್ತು. ಇಂಜಿನ್ ಆಕಾಶದಲ್ಲೇ ನಿಂತಿತು ಎಂದು ಅವಳು ಹೇಳಿದ್ದಳು. ಪ್ರಯಾಣಿಕರಿಗೆ ಸಮುದ್ರ ತೋರಿಸಲು ತೀರಾ ಕೆಳಗೆ ಹಾರಿಸಿದಳು ಎಂದು ಕ್ಯಾಪ್ಟನ್ ರಘುನಂದನ ನಡೆಸಿದ ಕಂಪನಿಯ ತನಿಖೆ ಹೇಳಿತು. ಯಾರೂ ಸಾಯಲಿಲ್ಲ, ಒಬ್ಬರು ಕಾಲು ಕಳೆದುಕೊಂಡರು. ಅಲೆಗೆ ಸಿಕ್ಕಿ ಹಾಳಾದ ಇಂಜಿನ್ ಏನನ್ನೂ ಹೇಳಲಿಲ್ಲ. ಅನಸೂಯಾ ಮತ್ತೆ ಹಾರಲಿಲ್ಲ.

"ಆ ವಿಮಾನದ ಪ್ರೊಪೆಲ್ಲರ್ ಆಫೀಸ್ ಹಾಲಲ್ಲಿ ಇಟ್ಟಿದಾರೆ ಅಂತ ಕೇಳ್ದೆ. ನಿನ್ನೆ ಸಾಯಂತ್ರ ನೋಡಕ್ಕೆ ಹೋದೆ. ಮೇಲೆ ಬಟ್ಟೆ ಮುಚ್ಚಿದ್ರು. ಅದನ್ನ ಮುಟ್ಟೋಕೆ ಧೈರ್ಯ ಬರ್ಲಿಲ್ಲ, ಅಷ್ಟೇ, ಬಂದುಬಿಟ್ಟೆ. ಇವತ್ತು ಬೆಳಿಗ್ಗೆ ಬಟ್ಟೆ ತೆಗೆದ್ರೆ ಗೋಡೆ ಖಾಲಿ. ಕೊನೆಗೆ ಒಳಗೆ ಹೋಗಿದ್ದು ನಾನೇ ಕದಾ. ಕ್ಯಾಪ್ಟನ್ ಕಂಪ್ಲೇಂಟ್ ಕೊಡ್ತೀನಿ ಅಂತಿದಾರೆ."

"ರೊಟ್ಟಿ ತಿನ್ನು," ಎಂದ ಶಿವಲಿಂಗಪ್ಪ. "ಆಮ್ಯಾಲೆ ಹೋಗೂಣು."

ಆಫೀಸಿನಲ್ಲಿ ಕ್ಯಾಪ್ಟನ್ ರಘುನಂದನ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. "ನಿನ್ನೆ ರಾತ್ರಿ ಡೆಲ್ಲಿಯಿಂದ ಬಂದೆ. ಹಾಲಿಗೆ ಬೀಗ ಹಾಕಿ ಕೀ ನನ್ನ ಹತ್ರಾನೇ ಇಟ್ಕೊಂಡಿದ್ದೆ. ಬೆಳಿಗ್ಗೆ ನೋಡಿದ್ರೆ ಇಲ್ಲ. ಈಕೆಗೆ ಆ ವಿಮಾನದ ಮೇಲೆ ಎಷ್ಟು ಸಿಟ್ಟಿದೆ ಅಂತ ನನಗೆ ಗೊತ್ತು."

ಬೀಗದ ಕೈ ಇವರಲ್ಲೇ ಇತ್ತಲ್ಲ ಎಂದು ನಿಶ್ಚಿತಾ ಯೋಚಿಸಿದಳು. ಹಳೆಯ ತನಿಖೆ ನಡೆಸಿದವರೂ ಇವರೇ.

"ಮನುಷ್ಯಾನಷ್ಟು ಉದ್ದದ ಲೋಹ," ಎಂದ ಶಿವಲಿಂಗಪ್ಪ. "ಈಕಿ ವ್ಯಾನಿಟಿ ಬ್ಯಾಗಿನಾಗ ಹಾಕ್ಕೊಂಡು ಹೋದ್ಲೇನ್ರಿ? ಒಂದೆರಡು ದಿನ ತಡೀರಿ."

ಕಂಪನಿಯ ಚರಿತ್ರೆ ಬರೆಯುತ್ತಿದ್ದ ಪ್ರತ್ಯೂಷಾ ಗೋಡೆ ತೋರಿಸಿದಳು. ಉಗ್ರಾಣದಲ್ಲಿ ಗೋಣಿ ಸುತ್ತಿ ಬಿದ್ದಿದ್ದ ಪ್ರೊಪೆಲ್ಲರನ್ನು ಹುಡುಕಿ ತೆಗೆದು ತೂಗುಹಾಕಿಸಿದವಳು ಅವಳೇ. ಮೊಳೆಗಳ ಹಿಂದೆ ದಪ್ಪ ಮರದ ತುಂಡುಗಳಿದ್ದವು.

"ಇವು ಯಾಕ?"

"ಒಂದು ತುದಿ ಗೋಡೆಗೆ ಚುಚ್ತಾ ಇತ್ತು, ಸರ್. ಮರ ಕೊಟ್ಟು ಮುಂದಕ್ಕೆ ತಂದೆ." ಅವಳು ಫೋನಿನಲ್ಲಿ ತಾನು ಎದುರಿನಿಂದ ತೆಗೆದಿದ್ದ ಚಿತ್ರ ತೋರಿಸಿದಳು. "ನಿನ್ನೆ ಶುಕ್ರವಾರ ಬೆಳಿಗ್ಗೆ ಪೂಜೆ ಆಯ್ತು. ದುರ್ಗಾಪ್ರಸಾದ್ ಗಾರು ವಿಜಯವಾಡದಿಂದ ಬಂದಿದ್ರು. ಬುಧವಾರ ಬೆಳ್ಳಿಹಬ್ಬದ ಸಭೆಯಲ್ಲಿ ಒಬ್ಬ ರಿಟೈರ್ಡ್ ಇಂಜಿನಿಯರ್ ಇದರ ಬಗ್ಗೆ ಮಾತಾಡ್ತಾರೆ ಅಂತ ಅಲ್ಲೇ ಹೇಳ್ದೆ. ಮಧ್ಯಾಹ್ನ ಬಟ್ಟೆ ಮುಚ್ಚಿ ಎಲ್ಲರೂ ಊಟಕ್ಕೆ ಹೋದ್ವಿ. ಅವರು ಮಾತ್ರ ಫೋನ್ ಕಾಲ್ ಇದೆ ಅಂತ ಹಾಲಲ್ಲೇ ಉಳಿದ್ರು."

"ಊಟ ಆದ ಮ್ಯಾಲೆ ಬಟ್ಟಿ ಸರಿಸಿ ಯಾರಾದ್ರೂ ನೋಡಿದ್ರೇನವಾ?"

ಪ್ರತ್ಯೂಷಾ ತಡವರಿಸಿದಳು. "ಇಲ್ಲ. ಯಾಕೆ ನೋಡ್ಬೇಕು?"

ನಿಶ್ಚಿತಾ ಆ ಚಿತ್ರವನ್ನೇ ದಿಟ್ಟಿಸುತ್ತಿದ್ದಳು. ಗೆರೆ, ಅಂಚು, ಅಳತೆಗಳೊಂದಿಗೆ ದಿನವಿಡೀ ಏಗುವ ಕಣ್ಣು. "ಸರ್, ಕೆಳಗಿನ ರೆಕ್ಕೆ ಮೇಲಿನದಕ್ಕಿಂತ ಗಿಡ್ಡ ಇದೆ. ಹೀಗೂ ಮಾಡ್ತಾರಾ?"

ಶಿವಲಿಂಗಪ್ಪ ಚಿತ್ರ ನೋಡಿದ, ಮರದ ತುಂಡು ನೋಡಿದ. ಹೊರಗೆ ಬಂದು ಗೇಟಿನ ಕಾವಲುಗಾರನೊಡನೆ ತೆಲುಗಿನಲ್ಲಿ ಹರಟೆಗೆ ನಿಂತ. ಶುಕ್ರವಾರ ದೊಡ್ಡ ಸಾಮಾನೇನೂ ಹೋಗಿಲ್ಲ ಎಂದ ಕಾವಲುಗಾರ. ಹಾಲಿನ ಹಳೇ ಕೆಂಪು ಕಾರ್ಪೆಟ್ಟನ್ನು ಮಾತ್ರ ದುರ್ಗಾಪ್ರಸಾದ್ ಗಾರು ಊಟದ ಹೊತ್ತಿನಲ್ಲಿ ಕಾರಿನ ಮೇಲೆ ಕಟ್ಟಿಸಿಕೊಂಡು ಹೋದರು.

"ಡ್ರೈವರ್ ಒಂದು ತುದಿ ಹಿಡಿದ, ಇನ್ನೊಂದು ತುದೀನ ಅವರೇ ಹೆಗಲ ಮೇಲೆ ಇಟ್ಕೊಂಡ್ರು. ನಾನು ಹೋದ್ರೂ ಬಿಡ್ಲಿಲ್ಲ. ಬಿದಿರು ಬೊಂಬಿನ ಥರ ನೆಟ್ಟಗೆ ತಗೊಂಡು ಹೋದ್ರು. ದೊಡ್ಡವರು ಅಂದ್ರೆ ಹಾಗಿರ್ಬೇಕು!"

"ಹೌದಪ್ಪಾ," ಎಂದ ಶಿವಲಿಂಗಪ್ಪ. "ಹಂಗ ಇರಬೇಕು."

ಮರುದಿನ ಬೆಳಿಗ್ಗೆ ಎಲ್ಲರೂ ದುವ್ವಾಡ ಸ್ಟೇಷನ್ನಿನಲ್ಲಿ ವಿಜಯವಾಡದ ರೈಲು ಹತ್ತಿದರು. ಕ್ಯಾಪ್ಟನ್ ಒಲ್ಲದ ಮನಸ್ಸಿನಿಂದಲೇ ಬಂದರು. ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ ಕಂಪನಿಯ ಗೋದಾಮು ಇದೆಯೆಂದೂ ಅದರ ಇನ್ನೊಂದು ಕೀಲಿ ಅವರ ಬಳಿಯಿದೆಯೆಂದೂ ಶಿವಲಿಂಗಪ್ಪ ದಾರಿಯಲ್ಲಿ ಕೇಳಿ ತಿಳಿದುಕೊಂಡ. ಮೊದಲಿನಿಂದಲೂ ವಿಜಯವಾಡದ ಕಡೆಯ ಇಂಧನವೆಲ್ಲ ದುರ್ಗಾಪ್ರಸಾದರ ಜವಾಬ್ದಾರಿ. ಪೀಪಾಯಿಗಳು ಇರುತ್ತಿದ್ದದ್ದು ಆ ಗೋದಾಮಿನಲ್ಲೇ ಎಂದು ಪ್ರತ್ಯೂಷಾ ಸೇರಿಸಿದಳು.

ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವ ಬೀದಿಯಲ್ಲಿ ತಗಡಿನ ಗೋದಾಮು. ಫೋನ್ ಮಾಡಿ ಕರೆಸಿದ್ದರಿಂದ ದುರ್ಗಾಪ್ರಸಾದ್ ಕಾರಿಳಿದು ನಗುತ್ತಲೇ ಬಂದರು. ಮನೆಯಲ್ಲಿ ಬೆಳ್ಳಿಹಬ್ಬದ ನೆಂಟರು ತುಂಬಿದ್ದಾರೆ, ಬೇಗ ಹೋಗಬೇಕು ಎಂದರು. ಅನಸೂಯಾಳನ್ನು ಕಂಡೊಡನೆ ನಗು ನಿಂತಿತು.

ರಘುನಂದನ ಬೀಗ ತೆಗೆದರು. ಒಳಗೆ ಗೋಡೆಯುದ್ದಕ್ಕೂ ಕೆಂಪು ಕಾರ್ಪೆಟ್ಟಿನ ಸುರುಳಿ ಮಲಗಿತ್ತು.

"ಕುಂದರ್ರಿ," ಎಂದ ಶಿವಲಿಂಗಪ್ಪ. ಕೂರಲು ಅಲ್ಲೇನೂ ಇರಲಿಲ್ಲ. ಎಲ್ಲರೂ ನಿಂತೇ ಕೇಳಿದರು.

"ಕಳವು ಸಂಜಿ ಮ್ಯಾಲೆ ಆತು ಅಂತ ಎಲ್ಲಾರೂ ತಿಳಕೊಂಡ್ರಿ. ಯಾಕಂದ್ರ ಸಂಜೀಗೆ ಅನಸೂಯಾ ಬಂದಿದ್ಲು. ಆದ್ರ ಮಧ್ಯಾಹ್ನದಿಂದ ಎಲ್ಲಾರೂ ನೋಡಿದ್ದು ಪ್ರೊಪೆಲ್ಲರ್ ಅಲ್ಲ, ಬಟ್ಟಿ. ಒಳಗ ಮರದ ತುಂಡು ಇದ್ದದ್ದಕ್ಕ ಅದು ಉಬ್ಬಿ ನಿಂತಿತ್ತು. ಕ್ಯಾಪ್ಟನ್ನರು ಆಗ ಡೆಲ್ಲಿಯೊಳಗ ಇದ್ರು, ಅವರ ಕೈಯಾಗಿನ ಕೀಲಿ ಲೆಕ್ಕಕ್ಕ ಬರೂದಿಲ್ಲ. ಊಟದ ಹೊತ್ತಿನಾಗ ಹಾಲಿನೊಳಗ ಇದ್ದವರು ಒಬ್ರ. ಹೊರಗ ಹೋದ ಉದ್ದನ್ನ ಸಾಮಾನು ಒಂದ."

"ಹಳೇ ಕಾರ್ಪೆಟ್ ಅಂಡಿ ಅದು!" ಎಂದರು ದುರ್ಗಾಪ್ರಸಾದ್.

"ಸುತ್ತಿದ ಕಾರ್ಪೆಟ್ ಎರಡು ತುದಿ ಹಿಡಿದು ಎತ್ತಿದ್ರ ನಡುವ ಜೋತು ಬೀಳತೈತ್ರಿ. ನಿಮ್ಮದು ಬೊಂಬಿನ್ಹಂಗ ನೆಟ್ಟಗ ಇತ್ತು. ಒಳಗ ಬೆನ್ನೆಲುಬು ಇರಲಾರದ ಹಂಗ ನಿಲ್ಲೂದಿಲ್ಲ. ಅದಕ್ಕ ಕಾವಲುಗಾರಗ ಕೈ ಹಚ್ಚಾಕ ಬಿಡದ ನೀವ ಹೆಗಲು ಕೊಟ್ರಿ."

"ಆದ್ರೆ ಇವರಿಗೆ ಅದು ಯಾಕೆ?" ಎಂದರು ರಘುನಂದನ.

"ಚಿತ್ರದಾಗ ಒಂದು ರೆಕ್ಕಿ ಗಿಡ್ಡ ಕಂಡಿದ್ದು ನಿಶ್ಚಿತಾಗ. ಗಿಡ್ಡ ಅಲ್ಲ, ಹಿಂದಕ್ಕ ಬಾಗಿತ್ತು. ಎದುರಿಂದ ನೋಡಿದ್ರ ಗಿಡ್ಡ ಕಾಣತೈತಿ. ಗೋಡಿಗೆ ಚುಚ್ಚಿದ್ದೂ ಅದ ತುದಿ. ಈಗ ನೀವ ಹೇಳ್ರಿ ಕ್ಯಾಪ್ಟನ್. ಜೋರಾಗಿ ತಿರುಗೋ ಫ್ಯಾನಿಗೆ ಕೋಲು ಅಡ್ಡ ಹಿಡಿದ್ರ?"

"ಎಲ್ಲ ರೆಕ್ಕೆಗೂ ಏಟು ಬೀಳುತ್ತೆ."

"ನಿಂತ ಫ್ಯಾನಿಗೆ ಹೊಡೆದ್ರ?"

ರಘುನಂದನ ಸುರುಳಿಯ ಬಳಿಗೆ ನಡೆದರು. ಬಗ್ಗಿ ಕಾರ್ಪೆಟ್ಟಿನ ಹಗ್ಗ ಬಿಚ್ಚಿದರು. ಸುರುಳಿ ಉರುಳುತ್ತ ಹೋಗಿ ಪ್ರೊಪೆಲ್ಲರ್ ನೆಲಕ್ಕೆ ಬಿದ್ದು ಸದ್ದು ಮಾಡಿತು. ಒಂದು ರೆಕ್ಕೆ ಕೊಕ್ಕೆಯಂತೆ ಹಿಂದಕ್ಕೆ ಬಾಗಿತ್ತು. ಇನ್ನೊಂದರ ಮೇಲೆ ಗೀರು ಕೂಡ ಇರಲಿಲ್ಲ. ಅವರು ಆ ನೆಟ್ಟಗಿನ ರೆಕ್ಕೆಯ ಉದ್ದಕ್ಕೂ ಅಂಗೈ ಆಡಿಸಿದರು.

"ನಿಂತಿತ್ತು," ಎಂದರು ಕೊನೆಗೆ. "ಮರಳು ಮುಟ್ಟೋ ಮೊದಲೇ ಇಂಜಿನ್ ನಿಂತಿತ್ತು."

"ಇಂಜಿನ್ ನಿಂತದ್ದು ಖರೆ ಅಂದ್ರ ಯಾಕ ನಿಂತು ಅಂತ ಜನ ಕೇಳತಾರ," ಎಂದ ಶಿವಲಿಂಗಪ್ಪ. "ಕೇಳಿದ್ರ ಆ ದಿನ ಇಲ್ಲಿಂದ ತುಂಬಿದ ಇಂಧನದ ಮಾತು ಬರತೈತಿ. ಪೂಜಾದ ದಿನ ರೆಕ್ಕಿ ನೋಡಿದ ಕೂಡಲೆ ದುರ್ಗಾಪ್ರಸಾದರಿಗೆ ಅದು ಹೊಳೀತು. ಬುಧವಾರ ಇಂಜಿನಿಯರ್ ನೋಡಿದ್ರ ಊರಿಗೇ ಗೊತ್ತಾಕ್ಕಿತ್ತು. ನೆಂಟರು ಹೋದ ಮ್ಯಾಲೆ ಕೃಷ್ಣಾ ನದಿಗೆ ಹಾಕೂ ವಿಚಾರ ಇತ್ತು ಅಂತ ಕಾಣತೈತಿ."

ದುರ್ಗಾಪ್ರಸಾದ್ ತಗಡಿನ ಮಾಡನ್ನು ನೋಡಿದರು. "ಆ ಮಳೆಗಾಲದಲ್ಲಿ ಸೋರ್ತಾ ಇತ್ತು," ಎಂದರು. "ಪೀಪಾಯಿಗೆ ನೀರು ಇಳಿದಿದ್ದು ವಿಮಾನ ಬಿದ್ದ ಮೇಲೇ ಗೊತ್ತಾಯ್ತು. ಹೇಳಿದ್ರೆ ಕಂಪನಿ ಅಲ್ಲಿಗೇ ಮುಗೀತಿತ್ತು ಅಂಡಿ. ಅಷ್ಟು ಜನಕ್ಕೆ ಅನ್ನ ಕೊಡೋ ಕಂಪನಿ."

"ನನಗೂ ಕೊಡ್ತಿತ್ತು," ಎಂದಳು ಅನಸೂಯಾ. ಅಷ್ಟೇ.

ಪ್ರೊಪೆಲ್ಲರನ್ನು ಹೊತ್ತು ಇಬ್ರಾಹಿಂಪಟ್ನಂ ಠಾಣೆಗೆ ಒಪ್ಪಿಸಿ ಹೇಳಿಕೆ ಕೊಟ್ಟದ್ದು ರಘುನಂದನರೇ. ದುರ್ಗಾಪ್ರಸಾದರನ್ನು ಅಲ್ಲಿಯೇ ಬಿಟ್ಟು ಉಳಿದವರು ಮರಳಿ ರೈಲು ಹತ್ತಿದರು. ರೈಲು ಏಲೂರು ದಾಟಿತು. ಶಿವಲಿಂಗಪ್ಪ ನಿದ್ದೆ ಹೋಗಿದ್ದ.

"ಅನಸೂಯಾ," ಎಂದರು ರಘುನಂದನ. "ಆ ದಿನ ಏನಾಯ್ತು? ತನಿಖೆಯಲ್ಲಿ ನಾನು ನಿಮ್ಮನ್ನ ಪೂರ್ತಿ ಮಾತಾಡೋಕೆ ಬಿಟ್ಟಿರ್ಲಿಲ್ಲ."

ಅವಳು ಕಿಟಕಿಯತ್ತಲೇ ಮುಖ ಮಾಡಿ ಹೇಳಿದಳು. ಇಂಜಿನ್ ಎರಡು ಸಲ ಕೆಮ್ಮಿದ್ದು. ಊರ ಮೇಲೆ ಬೀಳಬಾರದೆಂದು ಕಡಲ ಕಡೆಗೆ ತಿರುಗಿಸಿದ್ದು. ದಡದಲ್ಲಿ ಬಲೆ ಎಳೆಯುತ್ತಿದ್ದವರು ತಲೆಯೆತ್ತಿ ನೋಡಿ ಹಗ್ಗ ಬಿಟ್ಟು ಓಡಿ ಜಾಗ ಕೊಟ್ಟದ್ದು. ಕನ್ನಡದಲ್ಲಿ ಶುರುವಾದದ್ದು ನಡುವೆಲ್ಲೋ ತೆಲುಗಾಯಿತು. ನಿಶ್ಚಿತಾಗೆ ಅರ್ಧ ಅರ್ಥವಾಗಲಿಲ್ಲ. ಆದರೂ ಅವಳು ಕಣ್ಣು ಕೀಳಲಿಲ್ಲ.

"ಬುಧವಾರ ವೇದಿಕೆ ಮೇಲೆ ಇದನ್ನ ನಾನು ಹೇಳ್ತೀನಿ," ಎಂದರು ಕ್ಯಾಪ್ಟನ್. "ನಿಮ್ಮ ಕ್ಷಮೆ ಕೇಳಿ."

"ಬೇಡ ಸರ್. ಕ್ಷಮೆ ನೀವು ಕೇಳಿ. ಇದನ್ನ ನಾನೇ ಹೇಳ್ತೀನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ತೆಲುಗಲ್ಲೇ ಹೇಳ್ತೀನಿ. ಊರಿಗೆಲ್ಲ ಅರ್ಥ ಆಗ್ಬೇಕು ಕದಾ."