ಏಳನೆಯ ಮೆಚ್ಚು

ಏಳರಲ್ಲಿ ನಾಲ್ಕು ಕೂಡಿಬಂದಿದ್ದರಿಂದಲೇ ಈ ಮದುವೆ ನಡೆಯುತ್ತಿತ್ತು. ಹುಡುಗನ ಏಳು ಮೆಚ್ಚುಗಳಲ್ಲಿ ಎರಡು ವೀಣೆಯವು, ಒಂದು ಪಿಯಾನೊ, ಒಂದು ಹಳೆಯ ಕಾಲದ ಜಾಝ್ ತುತ್ತೂರಿ. ಈ ನಾಲ್ಕೂ ಹುಡುಗಿಯ ಏಳರಲ್ಲೂ ಇದ್ದವು. ಮಂಗಳೂರಿನಲ್ಲಿ ಈಗ ಜಾತಕ ನೋಡುವ ಭಟ್ಟರು ಕೂಡ ಪಂಚಾಂಗ ಬಿಡಿಸುವ ಮೊದಲು ಕೇಳುವುದು ಅದನ್ನೇ: ಏಳರಲ್ಲಿ ಎಷ್ಟು?

ಉರ್ವದ ಆ ಸಭಾಭವನದಲ್ಲಿ ಪುರೋಹಿತರು ಗಟ್ಟಿಮೇಳಕ್ಕೆ ಕೈ ಎತ್ತಿದರು. ವೇದಿಕೆಯ ಅಂಚಿನಲ್ಲಿ ಕುಳಿತಿದ್ದ ಜಗದೀಶ ಶೇರಿಗಾರರು ಸ್ಯಾಕ್ಸೋಫೋನಿಗೆ ಉಸಿರು ತುಂಬಿದರು, ಪಕ್ಕದ ಡೋಲಿನವನು ಎರಡೂ ಕೈಯಿಂದ ಬಡಿದ. ತಾಳಿ ಕಟ್ಟುವ ಹೊತ್ತಿಗೆ ಯಾರದೋ ಸೀನು, ಯಾರದೋ ಕೆಟ್ಟ ಮಾತು ಮದುಮಕ್ಕಳ ಕಿವಿಗೆ ಬೀಳಬಾರದೆಂದು ಹುಟ್ಟಿದ ವಾದನ ಅದು. ಆದರೆ ಸಭೆಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರ ಕಿವಿಯ ಹಿಂದೆಯೂ ಹೆಸರುಕಾಳಿನಷ್ಟು ದೊಡ್ಡ ಮಣಿಯಿತ್ತು, ಎಲ್ಲರೂ ತಮ್ಮ ತಮ್ಮ ಮೆಚ್ಚನ್ನು ಕೇಳುತ್ತಿದ್ದರು. ಅಕ್ಷತೆ ಎಸೆಯಬೇಕಾದ ಗಳಿಗೆಯಲ್ಲಿ ಮಣಿ ಮೂಳೆಯನ್ನು ಮೆಲ್ಲಗೆ ತಟ್ಟಿತು. ಎಲ್ಲರೂ ಒಟ್ಟಿಗೆ ಎಸೆದರು.

ಮೊದಲ ಸಾಲಿನಲ್ಲಿ ಕುಳಿತಿದ್ದ ಡಾ. ಮನ್ವಿತಾ ಒಬ್ಬಳೇ ಮಣಿ ತೆಗೆದಿಟ್ಟು ತಂದೆ ಜಗದೀಶರ ಕೆನ್ನೆ ಉಬ್ಬುವುದನ್ನು ನೋಡುತ್ತಿದ್ದಳು. ಆ ಮಣಿ ಅವಳದೇ ಸೃಷ್ಟಿ. ಅದಕ್ಕಾಗಿಯೇ ಅವಳಿಗೆ ಮೊದಲ ಸಾಲು. ಪಕ್ಕದಲ್ಲಿದ್ದ ಮಗಳು ಧೃತಿ ಅವಳ ಸೆರಗು ಎಳೆದಳು. ಎಂಟು ವರ್ಷದ ಹುಡುಗಿ, ಅಳುತ್ತಿರಲಿಲ್ಲ.

“ಅಮ್ಮ, ಆರನೆಯದ್ದೂ ಹೋಯ್ತು.”

ಮನ್ವಿತಾಳಿಗೆ ಕೈಯಲ್ಲಿದ್ದ ಅಕ್ಷತೆ ಎಸೆಯಲು ನೆನಪಾಗಲಿಲ್ಲ.

ಆ ಮಣಿಯ ಹೆಸರು ಆಯ್ಕೆಗಿವಿ. ನಮಗೆ ಒಂದು ವಾದನ ಹಿಡಿಸಿದೆಯೆಂದು ನಮಗೇ ತಿಳಿಯುವ ಮೊದಲು ನಮ್ಮ ಮೈಗೆ ತಿಳಿದಿರುತ್ತದೆ. ಕಣ್ಣಿನ ಪಾಪೆ ಅರಳುತ್ತದೆ, ಮುಂಗೈಯ ರೋಮ ಏಳುತ್ತದೆ, ಮೆದುಳಿನ ಆಳದ ಒಂದು ಪುಟ್ಟ ಗಂಟಿನಲ್ಲಿ ಡೊಪಮೈನ್ ಎಂಬ ರಸ ಜಿನುಗುತ್ತದೆ. ಆ ಜಿನುಗಿನಿಂದ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಕಿವಿಯ ಹಿಂದಿನ ಮೂಳೆಯ ಮೂಲಕ ಓದುವುದನ್ನು ಮನ್ವಿತಾ ಕಂಡುಹಿಡಿದಿದ್ದಳು. ಮಣಿ ಜಗತ್ತಿನ ವಾದನಗಳನ್ನೆಲ್ಲ ಮೂರು ಮೂರು ಸೆಕೆಂಡು ಕೇಳಿಸುತ್ತ ಹೋಗುತ್ತದೆ: ಮೃದಂಗ, ಚಂಡೆ, ಸಿತಾರು, ಅರ್ಜೆಂಟೀನಾದ ಕುಣಿತದ ತಿದಿವಾದ್ಯ, ಸೈನ್ಯದ ಬ್ಯಾಂಡು, ಆಫ್ರಿಕಾದ ಸೋರೆಬುರುಡೆಯ ತಂತಿ, ಯಂತ್ರಗಳು ತಾವೇ ಹೊಸೆದ ಗುಂಯ್‌ಗುಡುವಿಕೆ. ಮೊದಲ ನೂರರಿಂದ ಮುಂದಿನ ನೂರನ್ನು ಊಹಿಸುತ್ತದೆ. ಅರ್ಧ ದಿನದೊಳಗೆ ಲಕ್ಷಗಟ್ಟಲೆಯಲ್ಲಿ ಏಳನ್ನು ಆರಿಸಿ, ಇವು ನಿನ್ನ ಮೆಚ್ಚುಗಳು ಎಂದು ಕೈಗಿಡುತ್ತದೆ. ಹಾಡುಗಳನ್ನು ಮಾತ್ರ ಅವಳು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಮಾತು ಬಂದರೆ ಅರ್ಥ ಬರುತ್ತದೆ, ಅರ್ಥ ಬಂದರೆ ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಶುರು ಮಾಡುತ್ತಾನೆ ಎಂಬುದು ಅವಳ ವಾದ.

ಶುರುವಿನ ದಿನಗಳು ಚಂದವಿದ್ದವು. ಬೊಕ್ಕಪಟ್ಣದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಹಿಮದ ನಾಡಿನ ತಂತಿವಾದ್ಯವೊಂದನ್ನು ಕೇಳಿ, ಬುಟ್ಟಿ ಕೆಳಗಿಟ್ಟು, ರಸ್ತೆಬದಿಯಲ್ಲೇ ಕುಳಿತು ಅತ್ತಿದ್ದಳು. ಇಷ್ಟು ವರ್ಷ ಇದು ಎಲ್ಲಿತ್ತು ಎಂದು ಮತ್ತೆ ಮತ್ತೆ ಕೇಳಿದ್ದಳು. ಅದನ್ನು ನೋಡಿದ ದಿನ ಮನ್ವಿತಾ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದಳು. ಹುಟ್ಟಿದ ಓಣಿ, ಜಾತಿ, ಭಾಷೆ ಯಾವುದೂ ಅಡ್ಡ ಬರದೆ ಒಬ್ಬ ಮನುಷ್ಯ ತನ್ನ ಒಲವಿಗೆ ನೇರವಾಗಿ ನಡೆದು ಹೋಗುವಂತಾಯಿತಲ್ಲ ಎಂದು.

ಕೇಳಿ ಕೇಳಿ ಮೆಚ್ಚುಗಳು ಸವೆಯುತ್ತವೆ, ಮೈ ಅವಕ್ಕೆ ಅರಳದಂತಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ದೊಡ್ಡವರಲ್ಲಿ ಒಂದು ಸವೆದರೆ ಮಣಿ ಇನ್ನೊಂದನ್ನು ಹುಡುಕಿಕೊಡುತ್ತಿತ್ತು. ಮಣಿ ತೊಟ್ಟೇ ಬೆಳೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಒಂದು ಹೋದರೆ ಆ ಜಾಗ ಖಾಲಿಯೇ ಉಳಿಯಿತು.

ಕಾರಣ ಹುಡುಕಲು ಅವಳಿಗೆ ಬಹಳ ಕಾಲ ಬೇಕಾಗಲಿಲ್ಲ, ಅದನ್ನು ನಂಬಲು ಬೇಕಾಯಿತು. ಮೆದುಳು ಸಂಗೀತವನ್ನು ಒಂದು ಹೆಜ್ಜೆ ಮುಂದೆ ನಿಂತು ಕೇಳುತ್ತದೆ, ಮುಂದಿನ ಸ್ವರ ಯಾವುದೆಂದು ಊಹಿಸುತ್ತಲೇ ಇರುತ್ತದೆ. ಊಹೆ ಸ್ವಲ್ಪ ತಪ್ಪಿ ಮತ್ತೆ ದಾರಿಗೆ ಬಂದಾಗ ಆ ರಸ ಜಿನುಗುತ್ತದೆ. ಈ ಊಹೆಗೆ ಕಾಲು ಬಲಿಯುವುದು ಹಿಡಿಸದ ಸಂಗೀತದಲ್ಲಿ ಅಲೆದಾಡಿ. ಬೇಸರದ ಭಜನೆ, ನೆರೆಮನೆಯವರ ಟೇಪು, ಬಸ್ಸಿನ ಕರ್ಕಶ, ಮದುವೆಮನೆಯ ಮುಗಿಯದ ವಾಲಗ, ಇವುಗಳಲ್ಲಿ ದಾರಿ ತಪ್ಪಿ ತಪ್ಪಿ. ಮಣಿ ಮಕ್ಕಳನ್ನು ಕಂಕುಳಲ್ಲೆತ್ತಿ ನೇರ ಮನೆಗೇ ಮುಟ್ಟಿಸಿಬಿಟ್ಟಿತ್ತು. ಐದಾರು ವರ್ಷದೊಳಗೆ ನಡೆಯದ ಆ ಕಾಲು ಮತ್ತೆ ನಡೆಯುವುದಿಲ್ಲ. ಎಳೆಮಗುವಿನ ನೆತ್ತಿ ಕೂಡಿದ ಹಾಗೆ ಆ ಬಾಗಿಲು ಕೂಡಿಕೊಳ್ಳುತ್ತದೆ. ಇದು ಸಂಗೀತಕ್ಕೆ ಮಾತ್ರ ನಿಲ್ಲಲೂ ಇಲ್ಲ. ಮಾವಿನಹಣ್ಣಿಗೂ, ಆಟಕ್ಕೂ, ತಾಯಿಯ ಮಡಿಲಿಗೂ ಮೆದುಳಿನಲ್ಲಿ ಇರುವುದು ಅದೊಂದೇ ಒರತೆ.

ಪಕ್ಕದ ಮನೆಯ ವಿಲ್ಮಾಳ ಮಗ ರೇಯಾನನ ಏಳೂ ಹೋಗಿ ವರ್ಷವಾಗಿತ್ತು. ಅವನಿಗೆ ರೋಗವೇನೂ ಇರಲಿಲ್ಲ. ಹೇಳಿದರೆ ಏಳುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ, ಶಾಲೆಯಲ್ಲಿ ಒಳ್ಳೆಯ ಅಂಕವೇ ಬರುತ್ತಿತ್ತು. ವಿಲ್ಮಾ ಒಂದು ಸಂಜೆ ಗೇಟಿನಾಚೆ ನಿಂತು ಮನ್ವಿತಾಳಿಗೆ ಹೇಳಿದ ಮಾತಿನಲ್ಲಿ ಸಿಟ್ಟೂ ಇರಲಿಲ್ಲ.

“ಕ್ರಿಸ್ಮಸ್ಸಿಗೆ ಎಂತ ಬೇಕು ಮಗಾ ಅಂತ ಕೇಳಿದೆ ಮಾರಾಯ್ತಿ. ‘ಬೇಕು ಅಂದ್ರೆ ಹೇಗೆ ಆಗ್ತದೆ ಮಮ್ಮಿ?’ ಅಂತ ನನ್ನನ್ನೇ ಕೇಳ್ತಾನೆ. ನೀನು ಓದಿದವಳಲ್ವಾ, ನಾನು ಅವ್ನಿಗೆ ಎಂತ ಹೇಳ್ಲಿ?”

ಮದುವೆಯಿಂದ ಮನೆಗೆ ಬಂದವಳೇ ಮನ್ವಿತಾ ಮಗಳ ಕಿವಿಯ ಹಿಂದಿನ ಮಣಿ ಕಿತ್ತಳು.

ಅಂದಿನಿಂದ ಧೃತಿ ದಿನವೂ ಅಜ್ಜನ ಅಭ್ಯಾಸಕ್ಕೆ ಕೂರತೊಡಗಿದಳು. ಮದುವೆಯ ವಾದ್ಯಗಾರರಿಗೆ ತಮ್ಮದೆಂಬ ಪಂಥವಿಲ್ಲ. ಜಗದೀಶರು ಬೆಳಿಗ್ಗೆ ಕೃತಿಗಳನ್ನು ಊದುತ್ತಿದ್ದರು, ಮಧ್ಯಾಹ್ನ ಕ್ರೈಸ್ತರ ಇಗರ್ಜಿ ಮದುವೆಗಳ ವಾಲ್ಟ್ಸ್ ಕುಣಿತ, ಆಮೇಲೆ ಮೆರವಣಿಗೆಯ ಮಾರ್ಚು, ಯಾವುದೋ ಕಾಲದ ಸಿನಿಮಾದ ಧಾಟಿ. ಇದು ಬೇಡವೆಂದರೆ ಇನ್ನೊಂದು. ಅವರ ಕುಟುಂಬದ ಮಕ್ಕಳೆಲ್ಲ ಹೀಗೆಯೇ ಮೂಲೆಯಲ್ಲಿ ತೂಕಡಿಸುತ್ತ ಬೆಳೆದವರು, ಮನ್ವಿತಾಳೂ. ಧೃತಿ ತೂಕಡಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಆಸ್ಪತ್ರೆಯಲ್ಲಿ ಸರದಿ ಕಾಯುವವರ ಹಾಗೆ ಕುಳಿತಳು. ತಿಂಗಳಿಗೊಮ್ಮೆ ಮನ್ವಿತಾ ಆ ರಸದ ಜಿನುಗನ್ನು ಅಳೆಯುವ ಮಾಪಕ ಹಚ್ಚಿ ನೋಡಿದಳು. ಪರದೆಯ ಮೇಲಿನ ಗೆರೆ ನಿದ್ದೆ ಹೋದ ನೀರಿನ ಹಾಗಿತ್ತು.

ಉಳಿದದ್ದು ಏಳನೆಯದು. ಪೂರ್ವದ ಕಡಲಿನ ಒಂದು ದ್ವೀಪದವರು ಕಂಚಿನ ಬಟ್ಟಲು, ತಟ್ಟೆಗಳನ್ನು ಮರದ ಸುತ್ತಿಗೆಯಿಂದ ನುಡಿಸುವ ಮೇಳ, ನಾಲ್ಕು ನಿಮಿಷದ್ದು. ಅಜ್ಜಿಕತೆಯ ರಾಕ್ಷಸನ ಪ್ರಾಣ ಏಳು ಕಡಲಿನಾಚೆ ಗಿಳಿಯೊಂದರ ಕುತ್ತಿಗೆಯಲ್ಲಿರುತ್ತದೆ. ಈ ಮಗುವಿನದ್ದು ಒಂದು ಕಡಲಿನಾಚೆ ಯಾರೋ ಹೆಸರಿಲ್ಲದವರು ಬಡಿದ ಕಂಚಿನಲ್ಲಿತ್ತು. ಕತೆಯಲ್ಲಿ ಗಿಳಿಯನ್ನು ಹಿಡಿಯಲು ರಾಜಕುಮಾರ ಹೋಗುತ್ತಾನೆ. ಕಾಯಲು ಯಾರೂ ಹೋದದ್ದಿಲ್ಲ.

ಮನ್ವಿತಾ ಅದಕ್ಕೆ ಬೀಗ ಹಾಕಿದಳು. ಧೃತಿ ದಿನಾ ಅದು ಬೇಕೆಂದಳು. ಬೇಡಿದಳು, ಹಟ ಮಾಡಿದಳು, ಒಮ್ಮೆ ತಟ್ಟೆ ಎಸೆದಳು. ಆ ದಿನ ಮಾಪಕ ಹಚ್ಚಿದ್ದರಿಂದ ಮನ್ವಿತಾಳಿಗೆ ಕಂಡಿತು, ಹಟ ಮಾಡುವಾಗ ಗೆರೆ ಏಳುತ್ತದೆ. ಕೇಳಿದರೆ ಸವೆಯುತ್ತದೆ. ಕೇಳದೆ ಹಂಬಲಿಸಿದರೆ ಸವೆಯುವುದಿಲ್ಲ. ಮಗಳಲ್ಲಿ ಏನಾದರೂ ಉಳಿಯಬೇಕಾದರೆ ಅವಳಿಗೆ ಅದನ್ನು ಎಂದೆಂದಿಗೂ ಕೊಡಬಾರದು. ತಾಯಿಯಾದವಳು ಮಾಡಬಹುದಾದದ್ದು ಇನ್ನು ಅದೊಂದೇ, ದಿನಾ ಇಲ್ಲ ಅನ್ನುವುದು. ಧೃತಿ ಅವಳೊಡನೆ ಮಾತು ಬಿಟ್ಟಳು. ಆ ಮೌನದಲ್ಲೂ ಗೆರೆ ಎದ್ದದ್ದು ನೋಡಿ ಮನ್ವಿತಾ ಪ್ರಯೋಗಾಲಯದಲ್ಲಿ ಒಬ್ಬಳೇ ಕುಳಿತು ಸಮಾಧಾನಪಟ್ಟಳು.

ತಂದೆಗೆ ಅವಳು ಹೇಳಿದ್ದು ಇಷ್ಟೇ: ಯಾವ ಮಣಿಯಲ್ಲೂ ಅವಳಿಗೆ ಆ ಏಳನೆಯದನ್ನು ಮಾತ್ರ ಹಾಕಬೇಡಿ. ಜಗದೀಶರು ಆಗಲಿ ಎಂದರು. ಅವರಿಗೆ ಮೊದಲಿನಿಂದಲೂ ಆ ಮಣಿಯ ಮೇಲೆ ಭರವಸೆಯಿಲ್ಲ. ವಿಷವಿರುವುದು ಅದರಲ್ಲಿ, ಅದನ್ನು ಕಿತ್ತರೆ ಸರಿಹೋದೀತು ಎಂದು ಅವರು ತಿಳಿದಿದ್ದರು. ಸಂಗೀತವೇ ಸವೆಯುತ್ತದೆಂದು ಯಾರಾದರೂ ಹೇಳಿದ್ದರೂ ಅವರು ನಂಬುತ್ತಿರಲಿಲ್ಲವೇನೋ. ಒಂದೇ ಗಟ್ಟಿಮೇಳವನ್ನು ಐವತ್ತು ವರ್ಷ ಊದಿದವರು ಅವರು.

ಶ್ರಾವಣದ ಒಂದು ಮಧ್ಯಾಹ್ನ ಮನ್ವಿತಾ ಬೇಗ ಮನೆಗೆ ಬಂದಳು. ಗೇಟು ತೆಗೆಯುವಾಗ ಮಹಡಿಯಿಂದ ಸ್ಯಾಕ್ಸೋಫೋನ್ ಕೇಳುತ್ತಿತ್ತು. ಜೊತೆಗೆ ಮಗಳ ನಗು. ಆ ನಗು ಕೇಳದೆ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕುತ್ತ ಅವಳು ಪೇರಳೆ ಮರಕ್ಕೆ ಒರಗಿ ನಿಂತಳು.

“ಅಲ್ಲ ಅಜ್ಜ, ಅಲ್ಲಿ ಇನ್ನೊಂದು ಸ್ವರ ಉಂಟು. ಈ ಎರಡರ ಮಧ್ಯದ್ದು.”

“ಮಧ್ಯದ್ದಾ? ಮಧ್ಯದಲ್ಲಿ ಕೂತ್ಕೊಳ್ಳಿಕ್ಕೆ ಜಾಗ ಎಲ್ಲುಂಟು ಮಾರಾಯ್ತಿ? ಬಸ್ಸಿನ ಸೀಟಾ ಇದು?”

“ಉಂಟು. ಕೇಳಿ.”

ಅವಳು ಮೂಗಿನಲ್ಲಿ ಗುನುಗಿ ತೋರಿಸಿದಳು. ಜಗದೀಶರು ತುಟಿ ಸಡಿಲಿಸಿ ಸ್ವರವನ್ನು ಕೆಳಗಿಳಿಸಿದರು, ಇಳಿಸಿದರು, ಹಿಡಿದರು. ಧೃತಿ ಚಪ್ಪಾಳೆ ತಟ್ಟಿದಳು. ಇನ್ನೊಮ್ಮೆ, ಅಜ್ಜ. ಮೊದಲಿನಿಂದ. ಅವರು ಮೊದಲಿನಿಂದ ಊದಿದರು. ಕಂಚಿನ ಮೇಳವೊಂದು ಉರ್ವದ ಮಹಡಿಯಲ್ಲಿ ಉಸಿರಾಗಿ ಹರಿಯುತ್ತಿತ್ತು, ಎಲ್ಲೋ ಸ್ವಲ್ಪ ಕಲ್ಯಾಣಿ ರಾಗದ ವಾಸನೆ ಹೊಡೆಯುತ್ತ. ಬೆಳಗಿನಿಂದಲೂ ನಡೆದದ್ದು ಇದೇ. ಮಗು ತಾನೇ ಗುನುಗಿ ಗುನುಗಿ ಅಜ್ಜನಿಗೆ ಅದನ್ನು ಕಲಿಸಿತ್ತು, ಕಲಿತದ್ದನ್ನು ಮತ್ತೆ ಮತ್ತೆ ಊದಿಸಿತ್ತು.

ಮನ್ವಿತಾಳಿಗೆ ಅದು ಯಾವ ವಾದನವೆಂದು ಹೊಳೆದದ್ದು ಆಗ. ಅವಳು ಮೆಟ್ಟಿಲು ಹತ್ತಿ ಓಡಿದಳು.

ಬಾಗಿಲಿಗೆ ಬರುವಷ್ಟರಲ್ಲಿ ಧೃತಿ ಎದ್ದು ನಿಂತಿದ್ದಳು. ಮುಖದಲ್ಲಿ ನಗುವಿನ ಗುರುತು ಇನ್ನೂ ಇತ್ತು, ಹಬ್ಬದ ಮರುದಿನದ ರಂಗೋಲಿಯ ಹಾಗೆ.

“ಸಾಕು ಅಜ್ಜ,” ಎಂದಳು. ಆಮೇಲೆ ತಾಯಿಯನ್ನು ಕಂಡು, ಎಷ್ಟೋ ವಾರಗಳ ಮೇಲೆ ಮೊದಲ ಬಾರಿಗೆ ಮಾತಾಡಿದಳು. ಇನ್ನು ಬೀಗ ಬೇಡ ಅಮ್ಮ ಎಂದಳು, ಬಹಳ ಮೆಲ್ಲಗೆ, ತಾಯಿಗೆ ಬೇಸರವಾದೀತೆಂಬ ಹಾಗೆ.

ಮನ್ವಿತಾ ಮಾಪಕ ಹಚ್ಚಿದಳು. ಗೆರೆ ಏಳಲಿಲ್ಲ. ಜಗದೀಶರಿಗೆ ಪರದೆ ಓದಲು ಬರುತ್ತಿರಲಿಲ್ಲ, ಮನ್ವಿತಾಳ ಮುಖ ಓದಲು ಬರುತ್ತಿತ್ತು. ಅವರು ವಾದ್ಯವನ್ನು ತೊಡೆಯ ಮೇಲೆ ಮಲಗಿಸಿದರು. ಮಣಿಯಲ್ಲಿ ಹಾಕಲಿಲ್ಲ ಎಂದು ಒಮ್ಮೆ ಹೇಳಿದರು.

“ಮಗು ಕೇಳಿತು. ಊದಿದೆ,” ಎಂದರು ಕೊನೆಗೆ. “ಸಭೆಯಲ್ಲಿ ಒಬ್ರು ಕೈ ಎತ್ತಿ ಇದು ಬಾರಿಸಿ ಅಂದ್ರೆ ಇಲ್ಲ ಅನ್ಲಿಕ್ಕಿಲ್ಲ ಮಗಾ. ನಮ್ಮಲ್ಲಿ ಆ ಕ್ರಮ ಇಲ್ಲ. ಹತ್ತು ವರ್ಷ ಆಯ್ತು, ನನ್ನನ್ನು ಯಾರಾದ್ರೂ ಕೇಳಿ.”

ಮನ್ವಿತಾ ಅವರನ್ನು ಬೈಯಲಿಲ್ಲ. ಬೈಯಬೇಕಾದವರು ಆ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಮರುದಿನವೇ ಎಲ್ಲ ಮಕ್ಕಳ ಮಣಿ ಕಿತ್ತುಹಾಕಿ ಎಂದು ಮಣಿ ಮಾರುವ ಕಂಪನಿಗೆ ಹೇಳಬಹುದು. ಈಗಾಗಲೇ ಎರಡು ಬಾರಿ ಹೇಳಿದ್ದಳು. ತಾಯಂದಿರು ಒಪ್ಪಿರಲಿಲ್ಲ. ಬೇರೆ ಮಕ್ಕಳಿಗೆಲ್ಲ ಏಳು ಇರುವಾಗ ನಮ್ಮ ಮಗು ಏನು ಪಾಪ ಮಾಡಿದೆ ಎಂದು ಕೇಳಿದ್ದರು.

ಧೃತಿ ಗೋಡೆಗೊರಗಿ ಕುಳಿತಿದ್ದಳು. ಕಿಟಕಿಯ ಕಡೆ ಮುಖವಿತ್ತು, ಆದರೆ ಹೊರಗೆ ನೋಡುತ್ತಿದ್ದಾಳೆ ಎನ್ನುವ ಹಾಗಿರಲಿಲ್ಲ.

“ಒಂದು ಕೇಳ್ತೇನೆ,” ಎಂದರು ಜಗದೀಶರು. “ಈ ಮೂರು ಸೆಕೆಂಡು ಅಂತ ಯಾರು ಇಟ್ಟದ್ದು? ಒಂದು ರಾಗಕ್ಕೆ ಬಾಗಿಲು ತೆಗೀಲಿಕ್ಕೇ ಅಷ್ಟು ಸಾಕಾಗುದಿಲ್ಲ.”

“ನಾನು ಇಟ್ಟದ್ದಲ್ಲ ಅಪ್ಪ.” ಮನ್ವಿತಾ ಮಾಪಕದ ತಂತಿ ಸುತ್ತುತ್ತಿದ್ದಳು. “ನಾನು ಸಣ್ಣವಳಿರುವಾಗ ನೀವೆಲ್ಲ ಫೋನಲ್ಲಿ ಕೇಳ್ತಿದ್ರಲ್ಲ. ಹಿಡಿಸದಿದ್ರೆ ಬೆರಳಲ್ಲಿ ದೂಡಿ ಮುಂದಿನದಕ್ಕೆ ಹೋಗುದು. ಎಷ್ಟು ಹೊತ್ತಿಗೆ ದೂಡ್ತಾರೆ ಅಂತ ಕೋಟಿಗಟ್ಟಲೆ ಜನರ ಲೆಕ್ಕ ಹಾಗೇ ಉಳಿದಿತ್ತು. ಮೂರು ಸೆಕೆಂಡು. ನಾನು ಅದನ್ನು ತಂದು ಮಣಿಯೊಳಗೆ ಇಟ್ಟೆ, ಅಷ್ಟೆ.”

ಜಗದೀಶರು ತಮ್ಮ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡರು. ಸ್ಯಾಕ್ಸೋಫೋನಿನ ಭಾರ ಹೊತ್ತು ಹೊತ್ತು ಗಂಟುಗಟ್ಟಿದ ಬೆರಳು ಅದು. ಮುಹೂರ್ತ ಮುಗಿದು ಊಟಕ್ಕೆ ಎಲೆ ಹಾಕುವ ತನಕ ವಾದ್ಯದವರಿಗೆ ಕೆಲಸವಿರುವುದಿಲ್ಲ. ಸಭಾಭವನದ ಹಿಂದಿನ ಕೋಣೆಯಲ್ಲಿ, ಮಡಚಿಟ್ಟ ಕುರ್ಚಿಗಳ ನಡುವೆ, ಪುಟ್ಟ ಮನ್ವಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರು ಫೋನು ಹಿಡಿಯುತ್ತಿದ್ದರು. ಒಂದು ಪಿಟೀಲು, ಒಂದು ಗಿಟಾರು, ಎಲ್ಲಿಯದೋ ಕೊಳಲು. ಯಾವುದೋ ಒಂದಕ್ಕೆ ತೊಡೆಯ ಮೇಲಿನ ಮಗು ತಲೆಯೆತ್ತಿ, ಏನನ್ನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಬೆರಳು ಮುಂದಿನದ್ದಕ್ಕೆ ಹೋಗಿರುತ್ತಿತ್ತು.