ಪೈಪ್ ರೆಂಚಿನ ಗುರುತು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮರಿಯಣ್ಣ ಬಸವನಗುಡಿಯ ಠಾಣೆಗೆ ನುಗ್ಗಿದ್ದು ಮೆಕ್ಯಾನಿಕ್ ಆಂಜಿನಯ್ಯನ ಕಾಲರ್ ಹಿಡಿದುಕೊಂಡೇ. ಮರಿಯಣ್ಣ ಸೈಟು ವ್ಯಾಪಾರದವರು, ವಾರ್ಡಿನಲ್ಲಿ ಅವರ ಮಾತು ನಡೆಯುತ್ತಿತ್ತು. ಇನ್‌ಸ್ಪೆಕ್ಟರ್ ಯಶೋಧರಾ ತಲೆ ಎತ್ತುವಷ್ಟರಲ್ಲಿ ಆಂಜಿನಯ್ಯನ ಕೆನ್ನೆಗೆ ಒಂದು ಬಿದ್ದಿತ್ತು.

"ಕೈ ಇಳಿಸಿ," ಯಶೋಧರಾ ಎದ್ದು ನಿಂತರು. "ಇದು ನಿಮ್ಮನೆ ಹಜಾರ ಅಲ್ಲ. ಕೂತ್ಕೊಂಡು ದೂರು ಹೇಳಿ."

ಮರಿಯಣ್ಣನ ಕಾರು ಇಪ್ಪತ್ತು ವರ್ಷ ಹಳೆಯದು. ಹೋದ ತಿಂಗಳು ಹನುಮಂತನಗರದ ಆಂಜಿನಯ್ಯನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದರು. ಅಲ್ಲಿಂದೀಚೆಗೆ ಎರಡು ಸಲ ಆಯಿಲ್ ಸೋರಿತ್ತು. ಈ ದಿನ ಮೊಮ್ಮಗಳನ್ನು ಸ್ಕೂಲಿಗೆ ಕರೆದೊಯ್ಯುವಾಗ ರಸ್ತೆಯ ಏರಿನಲ್ಲಿ ಆಯಿಲೆಲ್ಲ ಸುರಿದುಹೋಗಿತ್ತು. ಹಿಂದೆ ಬರುತ್ತಿದ್ದ ಬೈಕು ಜಾರಿ, ಆಸ್ಪತ್ರೆಯ ನರ್ಸ್ ಸುಮನ್ ಎಂಬ ಹುಡುಗನ ತೊಡೆಮೂಳೆ ಮುರಿದಿತ್ತು.

ಯಶೋಧರಾ ಆ ಹುಡುಗನನ್ನು ನೋಡಿಕೊಂಡೇ ಠಾಣೆಗೆ ಬಂದಿದ್ದರು. ಅವನ ನರಳಾಟ ಇನ್ನೂ ಕಿವಿಯಲ್ಲಿತ್ತು. ಎಫ್‌ಐಆರ್ ಆದಮೇಲೆ ಆಂಜಿನಯ್ಯನ ಕಡೆ ತಿರುಗಿದಾಗ ಅವರ ದನಿಯಲ್ಲೂ ಬಿಸಿ ಇತ್ತು.

"ಏನ್ರೀ ಕೆಲಸ ಇದು?"

"ಮೇಡಂ, ಎರಡು ಸಲಾನೂ ಆಯಿಲ್ ಫಿಲ್ಟರ್ ಲೂಸ್ ಆಗಿತ್ತು. ಬಿಗಿ ಮಾಡಿ ಕಳಿಸ್ದೆ. ಹೋದ ವಾರ ಹೊಸದೇ ಹಾಕಿದೀನಿ."

"ಬಿಗಿ ಮಾಡಿದ್ದು ತಾನಾಗೇ ಲೂಸ್ ಆಗತ್ತಾ?"

"ಆಗಲ್ಲ. ಅದೇ ನಂಗೂ ತಿಳೀತಿಲ್ಲ."

ಮಧ್ಯಾಹ್ನ ಪಂಚಸಾಕ್ಷಿಗಳ ಸಮಕ್ಷಮ ಕಾರಿನ ತಪಾಸಣೆ ನಡೆಯಿತು. ಸಾರಿಗೆ ಇಲಾಖೆಯ ವಾಹನ ನಿರೀಕ್ಷಕ ಅನಿಲ್ ಕುಮಾರ್ ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒಣಗಿಸಿ, ಸೋರುವ ಜಾಗ ಕಾಣಲೆಂದು ಮುಖಕ್ಕೆ ಹಚ್ಚುವ ಪೌಡರನ್ನು ಎಲ್ಲ ಕಡೆ ಉದುರಿಸಿದರು. ಹೊಸ ಆಯಿಲ್ ತುಂಬಿಸಿ ಇಂಜಿನ್ ಚಾಲೂ ಮಾಡಿದರು. ಆಂಜಿನಯ್ಯ ಬಿಚ್ಚಿ ಕೂರಿಸಿದ್ದ ಕಡೆಯೆಲ್ಲ ಪೌಡರ್ ಬೆಳ್ಳಗೇ ಉಳಿಯಿತು. ಫಿಲ್ಟರಿನ ಬುಡ ಮಾತ್ರ ನೋಡನೋಡುತ್ತಲೇ ಕಪ್ಪಾಯಿತು. ಫಿಲ್ಟರನ್ನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದಮೇಲೆ ಒಂದು ಹನಿಯೂ ಬೀಳಲಿಲ್ಲ.

"ರಿಪೇರಿ ಸರಿಯಾಗೇ ಇದೆ," ಎಂದರು ಅನಿಲ್ ಕುಮಾರ್.

ಯಶೋಧರಾ ಟಾರ್ಚ್ ಬಿಟ್ಟರು. ಫಿಲ್ಟರಿನ ಕಿತ್ತಳೆ ಬಣ್ಣದ ತಗಡಿನ ಮೇಲೆ ಹಲ್ಲು ಕಚ್ಚಿದಂಥ ಗೀರುಗಳು. "ಇದೇನು?"

"ಪೈಪ್ ರೆಂಚ್. ಹೊಸ ಫಿಲ್ಟರ್‌ಗೆ ಅದನ್ನ ಯಾರೂ ಹಾಕಲ್ಲ. ಅದು ಒಂದೇ ಕಡೆಗೆ ಕಚ್ಚೋದು. ಈ ಗೀರು ಬಿಚ್ಚೋ ಕಡೆಗಿದೆ."

ರಾತ್ರಿಯೆಲ್ಲ ಕಾರು ನಿಲ್ಲುತ್ತಿದ್ದದ್ದು ಮರಿಯಣ್ಣನ ಮನೆಯ ಕಾಂಪೌಂಡಿನೊಳಗೆ, ಬೀಗ ಹಾಕಿದ ಗೇಟಿನ ಹಿಂದೆ. ಯಶೋಧರಾ ಪಂಚರೊಂದಿಗೆ ನೇರ ಅಲ್ಲಿಗೇ ಹೋದರು.

"ದೂರು ಕೊಟ್ಟವನ ಮನೇನೇ ಜಾಲಾಡ್ತೀರಾ? ನಾನ್ಯಾರು ಗೊತ್ತಾ?"

"ಪಕ್ಕಕ್ಕೆ ನಿಂತ್ಕೊಳ್ಳಿ."

ಹೆಡ್ ಕಾನ್‌ಸ್ಟೆಬಲ್ ನರಸಿಂಹಯ್ಯ ಸ್ಟೋರ್ ರೂಮಿನ ಗೋಣಿಚೀಲದೊಳಗಿಂದ ಪೈಪ್ ರೆಂಚ್ ತೆಗೆದರು. ಅದರ ಹಲ್ಲಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಚೂರು ಅಂಟಿತ್ತು.

"ಊರಿನ ಪಂಪ್‌ಸೆಟ್‌ದು ಅದು," ಮರಿಯಣ್ಣ ಗುಡುಗಿದರು. "ಅದನ್ನ ಯಾರೂ ಮುಟ್ಟಲ್ಲ!"

"ನಾನು ಮುಟ್ಟಿದೀನಿ." ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ತಿಮ್ಮಕ್ಕ ನಿಂತಿದ್ದರು. "ಮೂರು ಸಲಾನೂ ನಾನೇ ತಿರುಗಿಸಿದ್ದು."

ಮರಿಯಣ್ಣ ಕೈಯೆತ್ತಿಕೊಂಡು ಹೋದರು. ನರಸಿಂಹಯ್ಯ ಅಡ್ಡ ನಿಂತರು.

"ಯಾಕಮ್ಮ?" ಯಶೋಧರಾ ಕೇಳಿದರು.

"ಇವರಿಗೆ ಪಕ್ಕದಿಂದ ಬರೋರು ಕಾಣಲ್ಲ, ಮೇಡಂ. ಗಾಡಿ ಮುಟ್ಟಬೇಡಿ ಅಂತ ಕಣ್ಣಿನ ಡಾಕ್ಟರು ನನ್ನೆದುರೇ ಹೇಳಿದ್ರು. ದಿನಾ ಮಗೂನ ಕೂರಿಸ್ಕೊಂಡು ಹೋಗ್ತಾರೆ. ಬೇಡ ಅಂದ್ರೆ, ಹೆಂಗಸು ನಿಂಗೇನು ಗೊತ್ತು ಅಂತಾರೆ. ಮಗ ಸೊಸೆ ಬಾಯಿ ಬಿಡಲ್ಲ. ನಾನು ಹುಟ್ಟಿದಮನೇಲಿ ಪಂಪ್‌ಸೆಟ್ ಬಿಚ್ಚಿ ಜೋಡಿಸಿದೋಳು. ಗಾಡಿ ನಿಲ್ಸೋದು ನಂಗೆ ಕಷ್ಟಾನಾ?" ತಿಮ್ಮಕ್ಕ ಗೇಟಿನ ಕಡೆ ಕೈ ತೋರಿಸಿದರು. "ಹಿಂದೆ ಎರಡು ಸಲ ಗೇಟ್ ಹತ್ರಾನೇ ನೆಲದ ಮೇಲಿನ ಆಯಿಲ್ ತೋರ್ಸಿ ನಿಲ್ಸಿದ್ದೆ. ಇವತ್ತು ನಾನು ಆಚೆ ಬರೋಷ್ಟರಲ್ಲಿ ಹೊರಟೇಬಿಟ್ಟಿದ್ರು."

ಯಶೋಧರಾ ಮರಿಯಣ್ಣನ ಕಡೆ ತಿರುಗಿದರು. "ಆಯಿಲ್ ಇಳಿದ್ರೆ ಸ್ಟಿಯರಿಂಗ್ ಹಿಂದೆ, ನಿಮ್ಮ ಮುಂದೇನೇ ಕೆಂಪು ದೀಪ ಉರಿದಿರತ್ತೆ. ಯಾಕೆ ನಿಲ್ಸಲಿಲ್ಲ?"

"ಯಾವ ದೀಪ?"

ಯಶೋಧರಾಗೆ ಮೈಯೆಲ್ಲ ಉರಿಯಿತು. ಕಣ್ಣು ಕಾಣದವನು ಬೆಳಿಗ್ಗೆ ತನ್ನೆದುರಿಗೇ ಇನ್ನೊಬ್ಬನ ಕೆನ್ನೆಗೆ ಹೊಡೆದಿದ್ದ. ಕಂಡದ್ದನ್ನು ಬಾಯಿಬಿಟ್ಟು ಹೇಳಿದವಳನ್ನು ತಾನು ಈಗ ಜೀಪಿಗೆ ಹತ್ತಿಸಬೇಕು.

"ಆ ಹುಡುಗನ ಕಾಲು ಮುರೀತಲ್ಲಮ್ಮ," ಎಂದರು.

"ಅದು ನನ್ನ ತಪ್ಪೇ. ಬರ್ಕೊಳ್ಳಿ."

ಸಂಜೆ ಐದಕ್ಕೆ, ಮಹಿಳಾ ಕಾನ್‌ಸ್ಟೆಬಲ್ ಸಮಕ್ಷಮ ತಿಮ್ಮಕ್ಕನ ಬಂಧನವಾಯಿತು. ಇತರರ ಪ್ರಾಣಕ್ಕೆ ಅಪಾಯ ತಂದು ತೀವ್ರ ಗಾಯಕ್ಕೆ ಕಾರಣವಾದ ಆರೋಪ. ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣ. ಯಶೋಧರಾ ಮರಿಯಣ್ಣನ ಎದುರು ಕೈ ಚಾಚಿದರು.

"ಲೈಸೆನ್ಸ್ ಕೊಡಿ. ಡಾಕ್ಟರು ಬೇಡ ಅಂದ್ರೂ ಗಾಡಿ ಓಡಿಸಿದ್ದಕ್ಕೆ ನಿಮ್ಮ ಮೇಲೂ ಕೇಸಿದೆ."

ಮರಿಯಣ್ಣನ ಕೈ ಜೇಬಿಗೆ ಹೋಯಿತು. ಲೈಸೆನ್ಸ್ ತೆಗೆದು ಯಶೋಧರಾ ಕೈಗಿಟ್ಟರು.

ತಿಮ್ಮಕ್ಕ ಸೆರಗು ಬಿಗಿಮಾಡಿಕೊಂಡು, ಯಾರ ಕೈಯೂ ಹಿಡಿಯದೆ ಜೀಪು ಹತ್ತಿ ಕೂತರು. ಗಂಡನ ಮುಖ ನೋಡದೆಯೇ ಹೇಳಿದರು: "ನಾಳೆ ಮಗೂನ ಆಟೋದಲ್ಲಿ ಕಳಿಸಿ."