ಕಪ್ಪತಗುಡ್ಡದ ಫೈವ್ ನೈನ್

ಶ್ರವಣಪೂರಕ ಯಂತ್ರದ ಹಸಿರು ದೀಪ ಹತ್ತಿತು. ಅದುವರೆಗೆ ಕಾದ ಬಾಣಲೆಯಂತೆ ಚುರುಗುಟ್ಟುತ್ತಿದ್ದ ರೇಡಿಯೊ ತಟ್ಟನೆ ಶಾಂತವಾಯಿತು. ದೂರದ ಇನ್ನೊಂದು ಗುಡ್ಡದಲ್ಲಿದ್ದ ಗುರುಪಾದಪ್ಪ ಮಾಸ್ತರರ ದನಿ ಪಕ್ಕದಲ್ಲೇ ಕುಳಿತವರ ದನಿಯಂತೆ ಕೇಳಿಸಿತು: “ನಮಸ್ಕಾರ. ನಿಮ್ಮ ಸಂಕೇತ ಫೈವ್ ನೈನ್. ಇಲ್ಲಿ ಬಿಸಿಲು ಹಿತವಾಗಿದೆ. ಧನ್ಯವಾದಗಳು.”

ಕಪ್ಪತಗುಡ್ಡದ ನೆತ್ತಿಯ ಮೇಲೆ ಶಾಮಿಯಾನದ ಕೆಳಗೆ ಕುಳಿತಿದ್ದ ಗಣ್ಯರು ಚಪ್ಪಾಳೆ ತಟ್ಟಿದರು. ಯಂತ್ರವನ್ನು ಕಂಡುಹಿಡಿದ ಡಾ. ಹೊಂಬಳ ಅವರು ಕೈಮುಗಿದು ನಾಲ್ಕೂ ದಿಕ್ಕಿಗೆ ಬಾಗಿದರು. ಜನರಿಲ್ಲದ ದಿಕ್ಕಿಗೂ ಬಾಗಿದರು.

ಹವ್ಯಾಸಿ ರೇಡಿಯೊದವರ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮನುಷ್ಯ ಚಂದ್ರನ ಮೇಲೆ ಮನೆ ಕಟ್ಟಿಕೊಂಡ ಆ ಕಾಲದಲ್ಲೂ ಇವರು ಒಳ್ಳೆಯ ಬಿಸಿಲಿನ ದಿನ ನೋಡಿ, ತಂತಿ, ಕಂಬ, ಬ್ಯಾಟರಿ ಹೊತ್ತು ಗುಡ್ಡ ಹತ್ತುತ್ತಿದ್ದರು. ಹತ್ತಿ, ಇನ್ನೊಂದು ಗುಡ್ಡ ಹತ್ತಿದವನಿಗೆ ‘ನಿನ್ನ ದನಿ ಕೇಳಿಸುತ್ತಿದೆ’ ಎಂದು ಹೇಳುತ್ತಿದ್ದರು. ಫೈವ್ ನೈನ್ ಎಂದರೆ ಅತ್ಯುತ್ತಮವಾಗಿ ಕೇಳಿಸುತ್ತಿದೆ ಎಂದು. ಏನೂ ಕೇಳಿಸದಿದ್ದರೂ ಫೈವ್ ನೈನ್ ಎಂದೇ ಹೇಳಿ, ಬಳಿಕ ‘ತಮ್ಮ ಹೆಸರು ಇನ್ನೊಮ್ಮೆ ಹೇಳಿ’ ಎಂದು ಕೇಳುವುದು ಅವರಲ್ಲಿ ದೊಡ್ಡ ಮರ್ಯಾದೆ. ಆಮೇಲೆ ಹವೆಯ ವಿಚಾರ, ಧನ್ಯವಾದ. ಅಷ್ಟಕ್ಕೆ ಗುಡ್ಡ ಇಳಿಯುವುದು. ಇದಕ್ಕಾಗಿ ಮೊಣಕಾಲು ಸವೆಸಿಕೊಂಡವರಿಗೆ ಶಾಲು ಹೊದಿಸುವ ಸಂಘವೂ ಇತ್ತು.

ಡಾ. ಹೊಂಬಳರು ಇಂಥ ಮಾತುಗಳ ಧ್ವನಿಮುದ್ರಿಕೆಗಳನ್ನು ರಾಶಿರಾಶಿಯಾಗಿ ಯಂತ್ರಕ್ಕೆ ಉಣಿಸಿದ್ದರು. ಅದು ಉಂಡದ್ದನ್ನೇ ಕಲಿಯಿತು.

“ಡಾಕ್ಟ್ರ, ಇದು ಹೆಂಗ ಇಷ್ಟು ಸ್ವಚ್ಛ ಕೇಳಸ್ತದ?” ಎಂದು ಕೇಳಿದವರು ರತ್ನವ್ವ, ಗುರುಪಾದಪ್ಪ ಮಾಸ್ತರರ ಹೆಂಡತಿ. ಅವರನ್ನು ಸಮಾರಂಭಕ್ಕೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

“ನೋಡ್ರಿ ತಾಯಿ, ದೂರದ ಮಾತು ಹರಕು ಹರಕಾಗಿ ಬರ್ತದ. ಹರಿದಲ್ಲಿ ಯಂತ್ರ ತ್ಯಾಪಿ ಹಾಕ್ತದ. ಅಲ್ಲಿ ಏನು ಹೇಳೋ ಸಂಭವ ಜಾಸ್ತಿ ಅಂತ ಲೆಕ್ಕ ಮಾಡಿ, ಅದನ್ನ ಅವರ ದನಿಯೊಳಗ ಆಡಿ ತೋರಸ್ತದ.”

“ಅಂದ್ರ ಅವರು ಹೇಳಿದ್ದಲ್ಲ?”

“ಅವರು ಹೇಳಬಹುದಾದದ್ದು!”

“ಅಂಗಿಗಿಂತ ತ್ಯಾಪಿನ ದೊಡ್ಡದಾದ್ರ?”

“ಇನ್ನೂ ಚಂದ ಕೇಳಸ್ತದ,” ಎಂದರು ಡಾಕ್ಟರು.

ಆ ಹೊತ್ತಿಗೆ ಮಧುಗಿರಿಯ ಕಡೆಯ ಒಂದು ಬೋಳುಗುಡ್ಡದಲ್ಲಿ ಮಾಸ್ತರರು ಒಂಟಿಯಾಗಿ ಬಿದ್ದಿದ್ದರು. ಪ್ರಯೋಗಕ್ಕೆಂದೇ ಫೋನು ಹಿಡಿಯದ ಜಾಗ ಹುಡುಕಿದ್ದರು. ಜೊತೆಗೆ ಯಾರೂ ಬೇಡ, ಬಂದವರು ತಂತಿ ಮುಟ್ಟುತ್ತಾರೆ ಎಂದು ಮಾಸ್ತರರೇ ಹಟ ಹಿಡಿದಿದ್ದರು. ತಂತಿ ಕಟ್ಟುವಾಗ ಬಂಡೆಯೊಂದು ಉರುಳಿ ಕಾಲು ಸಂದಿಯಲ್ಲಿ ಸಿಕ್ಕಿಕೊಂಡಿತು. ರಕ್ತ ನಿಲ್ಲುತ್ತಿರಲಿಲ್ಲ. ಮೈಕು ಕೈಯಲ್ಲಿತ್ತು; “ಯಾರನ್ನರ ಕಳಸ್ರಿ” ಎಂದು ಅರಚುತ್ತಿದ್ದರು. ಗುಡ್ಡದ ಮೇಲೆ ಬಂಡೆ ಉರುಳಿದ ಮಾತನ್ನು ಯಂತ್ರ ಎಂದೂ ಕೇಳಿರಲಿಲ್ಲ. ಅದರ ಲೆಕ್ಕದಲ್ಲಿ ಅದು ಸಂಭವವಿಲ್ಲದ ಮಾತು.

“ಇಲ್ಲಿ ಬಿಸಿಲು ಹಿತವಾಗಿದೆ. ಧನ್ಯವಾದಗಳು,” ಎಂದಿತು ಕಪ್ಪತಗುಡ್ಡದ ಯಂತ್ರ ಮತ್ತೊಮ್ಮೆ.

ರತ್ನವ್ವ ಎದ್ದು ನಿಂತರು. “ಇವರು ನಮ್ಮನಿಯವರಲ್ಲ.”

ಶಾಮಿಯಾನದ ಕೆಳಗೆ ನಗು ಎದ್ದಿತು. “ದನಿ ಗುರ್ತು ಹತ್ತವಲ್ದೇನ್ರೀ?” ಎಂದರು ಸಂಘದ ಅಧ್ಯಕ್ಷರು.

“ದನಿ ಅವರದ ಐತಿ. ಮಾತು ಅವರದಲ್ಲ. ಬಿಸಲಿದ್ರ ಬಿಸಲಿಗೆ ಬೈತಾರ, ನೆರಳಿದ್ರ ನೆರಳಿಗೆ ಬೈತಾರ. ಹಿತ ಅಂತ ಅಂದ ಮನಶ್ಯಾನ ಅಲ್ಲ. ಧನ್ಯವಾದ ಅಂತೂ ಲಗ್ನದಾಗ ನಮ್ಮಪ್ಪಗೂ ಹೇಳಿಲ್ಲ. ಆರಸ್ರಿ ಅದನ್ನ.”

“ಆರಿಸಿದ್ರ ಬರೇ ಗದ್ದಲ ಬರ್ತದ, ತಾಯಿ. ಗಣ್ಯರ ಮುಂದ…”

“ಗದ್ದಲನ ಬರ್ಲಿ.” ರತ್ನವ್ವ ತಾವೇ ಹೋಗಿ ಗುಂಡಿ ಒತ್ತಿದರು.

ಹಸಿರು ದೀಪ ಆರಿತು. ಚುರುಚುರು ಸದ್ದಿನ ನಡುವೆ, ತುಂಡು ತುಂಡಾಗಿ: “…ಕಾಲು… ಬಂಡೆಗಲ್ಲಿನ ಸಂದ್ಯಾಗ… ಯಾರರ… ಸಾಯಾಕತ್ತೀನಿ…”

ರತ್ನವ್ವ ಮೈಕು ಕಸಿದುಕೊಂಡು ಕೂಗಿದರು: “ಧೈರ್ಯಾ ಬಿಡಬ್ಯಾಡ್ರೀ! ಜನಾ ಕಳಸ್ತೀವಿ!”

ಆದರೆ ಆ ಗುಡ್ಡದ ಮೇಲೂ ಇಂಥದೇ ಒಂದು ಯಂತ್ರವಿತ್ತು. ಮಾಸ್ತರರ ಕೈಗೆ ಎಟುಕದಷ್ಟು ದೂರದಲ್ಲಿ ಅದರ ಹಸಿರು ದೀಪ ಉರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಫೈವ್ ನೈನ್ ಅಂತ ಫೈವ್ ನೈನ್!… ಬಿಸಿಲು ಹಿತ ಐತಂತ!… ನಿಮ್ಮ ಬಿಸಲಿಗೆ ಬೆಂಕಿ ಹಚ್ಚ!… ಲೇ ಹೊಂಬಳ, ನಿನ್ನ ಬಾಯಾಗ ಮಣ್ಣ ಹಾಕ!”

“ಹಾಂ,” ಎಂದು ರತ್ನವ್ವ ಕಣ್ಣೊರೆಸಿಕೊಂಡರು. “ಇವರು ನಮ್ಮನಿಯವರು.”

ಮಧುಗಿರಿಯ ಅಗ್ನಿಶಾಮಕ ಠಾಣೆಗೆ ಫೋನು ಹೋಯಿತು. ಆ ಜನ ಗುಡ್ಡ ಹತ್ತುವವರೆಗೂ ಮಾಸ್ತರರು ಬೈಯುವುದನ್ನು ನಿಲ್ಲಿಸಲಿಲ್ಲ. ಬೈಗುಳ ಕೇಳುತ್ತಿರುವವರೆಗೆ ಜೀವವಿದೆ ಎಂದು ರತ್ನವ್ವ ರೇಡಿಯೊ ಬಿಟ್ಟು ಕದಲಲಿಲ್ಲ. ಮಾಸ್ತರರ ಕಾಲು ಉಳಿಯಿತು. ಎರಡು ಬೆರಳು ಉಳಿಯಲಿಲ್ಲ.

ಯಂತ್ರದ ಕತೆ ಅಲ್ಲಿಗೆ ಮುಗಿಯಿತೆಂದು ಯಾರಾದರೂ ಅಂದುಕೊಂಡರೆ ಅವರಿಗೆ ಲೋಕದ ಪರಿಚಯ ಕಡಿಮೆ. ಶಾಮಿಯಾನದ ಕೆಳಗೆ ಒಬ್ಬ ಉದ್ಯಮಿ ಕುಳಿತಿದ್ದ. ಸಾಯುವವನ ಕೂಗನ್ನು ‘ಬಿಸಿಲು ಹಿತವಾಗಿದೆ’ ಎಂದು ಕೇಳಿಸಬಲ್ಲ ಯಂತ್ರವನ್ನು ರೇಡಿಯೊದವರಿಗೆ ಮಾರುವುದು ದಡ್ಡತನ ಎಂದು ಅವನಿಗೆ ಹೊಳೆಯಿತು. ಕೆಲವೇ ತಿಂಗಳಲ್ಲಿ ಅದು ಕಿವಿಯೊಳಗೆ ಕೂರುವಷ್ಟು ಚಿಕ್ಕದಾಯಿತು. ದಿನವಿಡೀ ಜನರ ಅಹವಾಲು ಕೇಳಬೇಕಾದ ಅಧಿಕಾರಿಗಳು ಮುಗಿಬಿದ್ದು ಕೊಂಡರು.

ಮಾಸ್ತರರು ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಡಾ. ಹೊಂಬಳರು ಸೇಬಿನ ಬುಟ್ಟಿ ಹಿಡಿದುಕೊಂಡು ನೋಡಲು ಬಂದರು. ಅವರನ್ನು ಕಂಡದ್ದೇ ಮಾಸ್ತರರು ಎದ್ದು ಕುಳಿತು, ಅವರ ವಿದ್ಯೆಯಿಂದ ಹಿಡಿದು ವಂಶದವರೆಗೆ ಒಂದನ್ನೂ ಬಿಡದೆ, ಉಸಿರು ಕಟ್ಟುವಷ್ಟು ಬೈದರು. ಡಾಕ್ಟರು ತಲೆಯಾಡಿಸುತ್ತ ಕೇಳಿದರು. ಅವರ ಕಣ್ಣು ತುಂಬಿ ಬಂತು.

“ಅಷ್ಟು ದೊಡ್ಡ ಮಾತು ಯಾಕ್ರೀ ಸರ್,” ಎಂದು ಮಾಸ್ತರರ ಕೈ ಹಿಡಿದುಕೊಂಡರು. “ನಾ ನನ್ನ ಕರ್ತವ್ಯ ಮಾಡೀನಿ, ಅಷ್ಟ.”

ರತ್ನವ್ವ ಅವರ ಕಿವಿಯನ್ನು ದಿಟ್ಟಿಸಿದರು. ಒಳಗೆ ಸಾಸಿವೆ ಕಾಳಿನಷ್ಟು ಹಸಿರು ಮಿನುಗುತ್ತಿತ್ತು.

“ಡಾಕ್ಟ್ರ, ಮೊದಲ ಆ ಕಿವ್ಯಾಗಿಂದು ತೆಗೀರಿ.”

“ಬ್ಯಾಡ್ರಿ ತಾಯಿ, ಈಗಷ್ಟ ಉಂಡ ಬಂದೀನಿ,” ಎಂದರು ಡಾಕ್ಟರು, ನಾಚಿಕೊಂಡು. “ಹಬ್ಬಕ್ಕ ಖಂಡಿತ ಬರ್ತೀನಿ.”